ಬಾರದ ಕರೆಯ ದೂರು

ಮಾತು ಬೆಳ್ಳಿ, ಮೌನ ಎಫ್‌ಐಆರ್. ಗಾದೆ ಹಾಗಿಲ್ಲ, ಗೊತ್ತು. ಆದರೆ ಕತೆ ನಿಜ.

ಹೈದರಾಬಾದ್, ಜುಲೈ ೯, ೨೦೦೨, ಬೆಳಿಗ್ಗೆ ಏಳು. ಸಾಫ್ಟ್‌ವೇರ್ ಕಂಪನಿಗಳ ಕ್ಯಾಬುಗಳು ಹೈಟೆಕ್ ಸಿಟಿ ಕಡೆ ಓಡುತ್ತಿದ್ದವು. ಹಂಪಯ್ಯ ನಾಂಪಲ್ಲಿ ಕಡೆಯ ಠಾಣೆಯ ಮೆಟ್ಟಿಲು ಹತ್ತಿದರು. ಮುಂಬೈ ಕಡಲಿನ ತೈಲಬಾವಿಗಳಿಗೆ ಹೆಲಿಕಾಪ್ಟರ್ ಹಾರಾಟ ಶುರುವಾದ ಕಾಲದಲ್ಲಿ ದಡದ ರೇಡಿಯೊ ಆಪರೇಟರ್ ಆಗಿದ್ದವರು. ಈಗ ಒಂಟಿ.

"ಏನು ದೂರು?" ಇನ್‌ಸ್ಪೆಕ್ಟರ್ ಶಾಂತಕುಮಾರ ಬೀದರಿನವರು, ಕನ್ನಡದಲ್ಲೇ ಕೇಳಿದರು.

"ದಿನಾ ಸಂಜಿ ಆರಕ್ಕ ಫೋನ್ ಬರ್ತದರಿ. ಕ್ಯಾಪ್ಟನ್ ಉಪೇಂದ್ರನ ದನಿ. 'ಎಲ್ಲಾ ನಾರ್ಮಲ್' ಅಂತಾನ, ಇಡ್ತಾನ."

"ಅವರೆಲ್ಲಿದ್ದಾರೆ?"

"ಹೆಲಿಕಾಪ್ಟರ್ ಕಡಲಿಗೆ ಬಿದ್ದು ಸತ್ತು ಇಪ್ಪತ್ತು ವರ್ಷ ಆತ್ರಿ."

ಕಾನ್‌ಸ್ಟೆಬಲ್ ಬಂಡೆಪ್ಪನ ಪೆನ್ನು ನಿಂತಿತು. "ಫೋನ್ ನಿಲ್ಲಿಸಬೇಕೇನ್ರಿ?"

"ನಿಂತದಲ್ರಿ! ನಿನ್ನೆ ಬರ್ಲಿಲ್ಲ. ಅದ್ಕ ಬಂದೀನಿ. ಹುಡುಕ್ರಿ."

ಆಗಿನ ಹೆಲಿಕಾಪ್ಟರಿಗೆ ಒಂದೇ ಎಂಜಿನ್. ದಡಕ್ಕೂ ಅದಕ್ಕೂ ನಡುವೆ ಇದ್ದದ್ದು ದನಿಯೊಂದೇ. ಕಾಲು ಗಂಟೆಗೊಮ್ಮೆ ಪೈಲಟ್ 'ನಾರ್ಮಲ್' ಅನ್ನಬೇಕು. ಅನ್ನದಿದ್ದರೆ ದಡದ ಆಪರೇಟರ್ ಹುಡುಕಲು ದೋಣಿ ಕಳಿಸಬೇಕು.

"ಉಪೇಂದ್ರ ಯಾವಾಗ್ಲೂ ತಡಾ ಮಾಡಾಂವ. ಅವತ್ತೂ ಹಂಗ ಅಂದ್ಕೊಂಡು ಕುಂತೆ. ದೋಣಿ ಮುಟ್ಟೋದ್ರಾಗ ಬರೇ ಎಣ್ಣಿ ತೇಲಾಕತ್ತಿತ್ತು." ಹಂಪಯ್ಯ ಮೇಜು ಹಿಡಿದರು. "ಇವತ್ತು ಕುಂದ್ರಂಗಿಲ್ರಿ."

ಎಫ್‌ಐಆರ್ ಆಯಿತು: ಅನಾಮಧೇಯ ಕರೆಯ ಕಿರುಕುಳ. ಟೆಲಿಫೋನ್ ಎಕ್ಸ್‌ಚೇಂಜಿನವರು ಹತ್ತೂವರೆಗೆ ವಿಳಾಸ ಕೊಟ್ಟರು. ಬೇಗಂ ಬಜಾರ್, ಮಸಾಲೆ ಅಂಗಡಿಯ ಮೇಲಿನ ಕೋಣೆ.

ಪಂಚನಾಮೆ: ಬಾಗಿಲಿಗೆ ಒಳಚಿಲಕ, ಒಡೆಯಲಾಯಿತು. ನೆಲದ ಮೇಲೆ ವಯಸ್ಸಾದ ಗಂಡಸು, ಸೊಂಟ ಮುರಿದಂತಿದೆ, ಜೀವವಿದೆ. ಫೋನು ಕೈಗೆಟುಕದ ಸ್ಟೂಲಿನ ಮೇಲೆ.

ಆಸಾಮಿ ಮಾಣಿಕಪ್ಪ, ಅದೇ ಹೆಲಿಕಾಪ್ಟರುಗಳ ಮೆಕ್ಯಾನಿಕ್. ಕ್ಯಾಂಟೀನಿನಲ್ಲಿ ಎಲ್ಲ ಪೈಲಟ್‌ಗಳ ದನಿ ಅನುಕರಿಸಿ ನಗಿಸುತ್ತಿದ್ದವನು. ಮರುದಿನ ಆಸ್ಪತ್ರೆಯ ಹಾಸಿಗೆಯಲ್ಲೇ ಬಂಧನವಾಯಿತು.

"ಹೆಸರು?" ಎಂದರು ಶಾಂತಕುಮಾರ.

"ಹೆಸರು?" ಎಂದ ಮಾಣಿಕಪ್ಪ, ಶಾಂತಕುಮಾರರದೇ ದನಿಯಲ್ಲಿ. ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತಿದ್ದ ಬಂಡೆಪ್ಪ "ಬಂಡೆಪ್ಪ ಸರ್!" ಎಂದು ಸೆಟೆದು ಸಲ್ಯೂಟ್ ಹೊಡೆದ.

"ಸಾಕು. ಸತ್ತವರ ದನಿ ಯಾಕೆ?"

ಮಾಣಿಕಪ್ಪನ ದನಿ ಈಗ ಅವನದೇ ಆಯಿತು, ಸಣ್ಣದಾಯಿತು. "ಮಾಣಿಕಪ್ಪ ಅಂದ್ರ ಯಾರು ಕಾಯ್ತಾರ್ರಿ? ನಾ ಸತ್ರ ಕೆಳಗಿನ ಅಂಗಡ್ಯಾಂವಗ ವಾಸನಿ ಬಂದ ಮ್ಯಾಲ ಗೊತ್ತಾಗ್ತದ. ಕ್ಯಾಪ್ಟನ್ ಫೋನ್ ಬರ್ಲಿಲ್ಲಂದ್ರ ಹಂಪಯ್ಯ ಹುಡುಕ್ತಾನ. ಅದೊಂದೇ ಧೈರ್ಯ."

ಜಾಮೀನಿಗೆ ಸಹಿ ಹಾಕಲು ಬಂದಿದ್ದ ಹಂಪಯ್ಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತರು.

"ಮೊದಲನೇ ದಿನಾನೇ ಗೊತ್ತಾಗಿತ್ತಲೇ, ಇಂವ ಉಪೇಂದ್ರ ಅಲ್ಲಂತ."

ಮಾಣಿಕಪ್ಪನ ಮುಖ ಇಳಿಯಿತು. "ದನಿ ಸರಿ ಬಂದಿರ್ಲಿಲ್ಲೇನು?"

"ದನಿ ಅಸಲೀನೇ. ಟೈಮ್ ನಕಲಿ! ದಿನಾ ಆರು ಹೊಡಿಯೂದ್ರಾಗ ಫೋನು! ಉಪೇಂದ್ರ ಹುಟ್ಟಿದ್ದೂ ತಡಾ ಆಗೇ ಇರಬೇಕು!"

ಬಂಡೆಪ್ಪ ನಕ್ಕ. ಸೊಂಟ ಹಿಡಿದುಕೊಂಡೇ ಮಾಣಿಕಪ್ಪ ನಕ್ಕ. ಇನ್‌ಸ್ಪೆಕ್ಟರೂ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡರು. ಆದರೆ ಪಕ್ಕದ ವಾರ್ಡಿನಿಂದ ನರ್ಸು ಗದರಿಸಲು ಓಡಿಬಂದದ್ದು ಹಂಪಯ್ಯನವರ ನಗೆಗೆ.