ಹವಳದ ತೊಟ್ಟಿಯ ಕೆಳಗಿನ ಬಟ್ಟೆ

ಬೆಳಿಗ್ಗೆ ಏಳಕ್ಕೆ ಮೇಲಿನ ಮಹಡಿಯ ಟೀಚರ್ ಬಾಗಿಲು ಬಡಿದಳು. ನಿವೃತ್ತ ಇನ್ಸ್‌ಪೆಕ್ಟರಮ್ಮ ಕಾಫಿ ಲೋಟ ಕೆಳಗಿಟ್ಟು ಅವಳ ಹಿಂದೆಯೇ ಮೆಟ್ಟಿಲು ಹತ್ತಿದರು.

ಹಜಾರದಲ್ಲಿದ್ದ ಉಪ್ಪುನೀರಿನ ತೊಟ್ಟಿ ಸ್ಮಶಾನವಾಗಿತ್ತು. ಆರು ವರ್ಷ ಸಾಕಿದ ಹವಳಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು. ಸೀಗಡಿಗಳು ತಳದಲ್ಲಿ ಮಗುಚಿ ಬಿದ್ದಿದ್ದವು. ಬಸವನಹುಳುಗಳೂ ಅಷ್ಟೇ. ಮೇಲೆ ಮಾತ್ರ ಎರಡು ಕಿತ್ತಳೆ ಬಣ್ಣದ ಮೀನುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು.

"ಇವಳದೇ ಕೆಲಸ ಆಂಟಿ." ಟೀಚರ್ ಕೆಲಸದಾಕೆಯತ್ತ ಕೈ ತೋರಿದಳು. "ಗಾಜು ಒರೆಸೋ ಸ್ಪ್ರೇ ತೊಟ್ಟಿ ಪಕ್ಕದಲ್ಲೇ ಇತ್ತು. ಹತ್ತಿರ ತರಬೇಡ ಅಂತ ಬಾಯಿ ಬಡ್ಕೊಂಡಿದ್ದೆ."

"ಕಿಟಕಿ ಒರೆಸಿ ಅಲ್ಲಿಟ್ಟೆ ಅಕ್ಕಾ. ಅಷ್ಟೇ."

"ಕೀ ಇಟ್ಟು ಹೊರಡು."

ಹನ್ನೆರಡು ವರ್ಷದ ಕೆಲಸ. ಅವಳು ಸೊಂಟದಿಂದ ಕೀ ತೆಗೆದು ಮೇಜಿನ ಮೇಲಿಟ್ಟಳು, ಸದ್ದಾಗದ ಹಾಗೆ. ಮೂಲೆಯ ಕುರ್ಚಿಯಲ್ಲಿ ಟೀಚರ್‌ನ ತಂದೆ ಕಣ್ಣು ಮುಚ್ಚಿ ಕೂತಿದ್ದರು.

ಇನ್ಸ್‌ಪೆಕ್ಟರಮ್ಮ ಅದನ್ನು ಗಮನಿಸಿದರು. ಮುದುಕರ ನಿದ್ದೆ ಕೆಡಬಾರದೆನ್ನುವವಳು ಇಷ್ಟು ಜೀವ ಕೊಂದಾಳೆಯೇ?

"ಹತ್ತು ನಿಮಿಷ ಇರಮ್ಮ," ಎಂದರು.

*

"ಸ್ಪ್ರೇ ಬಿದ್ದಿದ್ರೆ ಮೀನು ಉಳೀತಿತ್ತಾ?"

ಟೀಚರ್ ತಡವರಿಸಿದಳು. "ಇಲ್ಲ... ಅವೂ ಹೋಗ್ತಿದ್ವು."

"ಮೀನು ಬಿಟ್ಟು ಉಳಿದದ್ದನ್ನ ಕೊಲ್ಲೋದು ಯಾವುದು?"

"ತಾಮ್ರ. ಚೂರು ಕರಗಿದ್ರೂ ಸಾಕು. ಆದ್ರೆ ನನ್ನ ಪೈಪು, ಪಂಪು ಎಲ್ಲಾ ಪ್ಲಾಸ್ಟಿಕ್ಕೇ. ನಾನೇ ಜೋಡಿಸಿದ್ದು."

ಇನ್ಸ್‌ಪೆಕ್ಟರಮ್ಮ ತೊಟ್ಟಿಯ ಕೆಳಗಿನ ಕಪಾಟು ತೆರೆದರು. ಒಂದು ಹಳೇ ಬಟ್ಟೆ. ಒಣಗಿ, ಉಪ್ಪು ಹಿಡಿದು ಹಪ್ಪಳದಂತಾಗಿತ್ತು.

"ಇದೇನು?"

"ಪೈಪು ಸೋರ್ತಿತ್ತಮ್ಮ," ಎಂದಳು ಕೆಲಸದಾಕೆ. "ದಿನಾ ಮಂಡಿಯೂರಿ ಬಟ್ಟೆ ಹಾಸ್ತಿದ್ದೆ. ಹದಿನೈದು ದಿನದಿಂದ ನಿಂತಿದೆ."

"ನಿಲ್ಲಿಸಿದ್ದು ಯಾರು?"

ಅವಳು ನೆಲ ನೋಡಿದಳು. "ಗೊತ್ತಿಲ್ಲ."

ಗೊತ್ತಿತ್ತು. ತನಗಾಗಿ ಹೇಳುವ ಸುಳ್ಳು ಬೇರೆ, ಇನ್ನೊಬ್ಬರಿಗಾಗಿ ಹೇಳುವುದು ಬೇರೆ. ಮೂವತ್ತು ವರ್ಷ ಠಾಣೆಯಲ್ಲಿ ಕೂತವರಿಗೆ ಅಷ್ಟು ತಿಳಿಯುತ್ತದೆ.

*

ಟಾರ್ಚ್ ಬೆಳಕಿನಲ್ಲಿ, ಪೈಪಿನ ಹಿಂದೆ, ಹಸಿರು ಕಿಲುಬು ಕಂಡಿತು.

"ಹಿತ್ತಾಳೆ ಜಾಯಿಂಟ್," ಎಂದರು ಇನ್ಸ್‌ಪೆಕ್ಟರಮ್ಮ. "ಹಿತ್ತಾಳೇಲಿ ಅರ್ಧಕ್ಕಿಂತ ಹೆಚ್ಚು ತಾಮ್ರವೇ. ಉಪ್ಪುನೀರು ಅದನ್ನ ದಿನಾ ಚೂರುಚೂರು ತಿಂದು ತೊಟ್ಟಿಗೆ ಬಿಟ್ಟಿದೆ. ಸಂದಿಗೆ ನಾರು ಸುತ್ತಿದ್ದಾರೆ ನೋಡು. ಈಗಿನವರು ಬಿಳಿ ಟೇಪ್ ಸುತ್ತುತ್ತಾರೆ. ಇದು ಹಳೇ ಕೈ."

ಕುರ್ಚಿಯತ್ತ ತಿರುಗಿದರು. "ಯಜಮಾನ್ರೇ, ಎಷ್ಟು ವರ್ಷ ಪ್ಲಂಬರ್ ಕೆಲಸ ಮಾಡಿದ್ರಿ?"

"ನಲವತ್ತು." ಕಣ್ಣು ತೆರೆಯಲಿಲ್ಲ.

"ಅಪ್ಪಾ! ಕೈ ನಡುಗುತ್ತೆ, ಸ್ಪ್ಯಾನರ್ ಮುಟ್ಟಬೇಡ ಅಂದಿದ್ನಲ್ಲ?"

"ಅದಕ್ಕೇ ಹೇಳಲಿಲ್ಲ. ದಿನಾ ಇವಳು ಬಗ್ಗಿದಾಗ ಮಂಡಿ ಲಟಕ್ ಅಂತಿತ್ತು. ಕೇಳೋಕಾಗ್ತಿರಲಿಲ್ಲ. ತಾಮ್ರ ಆಗಲ್ಲ ಅಂತ ನಂಗೇನು ಗೊತ್ತು? ಬೆಳಿಗ್ಗೆ ತೊಟ್ಟಿ ನೋಡಿ ನೀನು, ತಾಮ್ರ ಎಲ್ಲಿಂದ ಬರುತ್ತೆ, ಎಲ್ಲಾ ಪ್ಲಾಸ್ಟಿಕ್ಕೇ ಅಂತ ಗೊಣಗಿದಾಗ ಕಣ್ಣು ಮುಚ್ಕೊಂಡೆ."

"ಹಾಗಾದ್ರೆ ಅವಳು ಕೀ ಇಡೋವಾಗ ನಿಂಗೆ ಎಚ್ಚರ ಇತ್ತು."

ಮುದುಕರು ಕಣ್ಣು ತೆರೆದರು.

*

ಟೀಚರ್ ಹಿತ್ತಾಳೆ ತುಂಡು ಬಿಚ್ಚಿ, ಅಪ್ಪ ತೆಗೆದಿಟ್ಟಿದ್ದ ಹಳೇ ಪ್ಲಾಸ್ಟಿಕ್ ಜಾಯಿಂಟನ್ನೇ ಮತ್ತೆ ಜೋಡಿಸಿದಳು. ಕೆಲಸದಾಕೆಯ ಮುಖ ನೋಡಲಾಗದೆ, "ಕೀ ತಗೋ," ಎಂದಳು.

ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಕೆಲಸದಾಕೆ ಯಾರ ಮಾತಿಗೂ ಕಾಯದೆ ಬಟ್ಟೆ ಎತ್ತಿಕೊಂಡು ಬಗ್ಗಿದಳು. ಮಂಡಿ ಲಟಕ್ಕೆಂದಿತು. ಮುದುಕರು ಗೋಡೆಯತ್ತ ಮುಖ ತಿರುಗಿಸಿದರು.

ಕೀ ಮೇಜಿನ ಮೇಲೇ ಇತ್ತು.