ನಿಂತ ಡ್ರಿಪ್, ನಿಲ್ಲದ ನೀರು

ಮೈರನ್‌ನ ಮದುವೆಯುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ನರ್ಸ್ ಡಾರ್ಸಿ ಅವನ ಕೈ ಒತ್ತಿ ನೋಡಿದ. ಒತ್ತಿದಲ್ಲಿ ಕುಳಿ ಹಾಗೇ ಉಳಿಯಿತು.

ಸಸ್ಕಟೂನ್ ನಗರದ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಮೈರನ್ ಬಂದದ್ದು ಕಾಲಿನ ಗಾಯದ ನಂಜು ರಕ್ತಕ್ಕೇರಿ. ಗೋಧಿ ಲಾರಿಯ ಚಾಲಕ, ಅರವತ್ತು ದಾಟಿದವನು. ಡ್ರಿಪ್ ಸುರಿದ ಮೇಲೆ ಬಿದ್ದಿದ್ದ ಬಿಪಿ ಎದ್ದಿತು. "ಇನ್ನು ಡ್ರಿಪ್ ಸಾಕು" ಎಂದು ಡಾಕ್ಟರ್ ಪೆನ್ನರ್ ಮೊನ್ನೆಯೇ ನಿಲ್ಲಿಸಿದ್ದಳು. ಆದರೂ ಮೈ ಊದುತ್ತಿತ್ತು, ಶ್ವಾಸಕೋಶಕ್ಕೆ ನೀರಿಳಿಯುತ್ತಿತ್ತು, ಆಕ್ಸಿಜನ್ ಕುಸಿಯುತ್ತಿತ್ತು. ಮಧ್ಯಾಹ್ನದೊಳಗೆ ಸುಧಾರಿಸದಿದ್ದರೆ ವೆಂಟಿಲೇಟರೇ ಗತಿ. ಅದರಿಂದ ಅವನು ಹೊರಬರುವ ಭರವಸೆ ಯಾರಿಗೂ ಇರಲಿಲ್ಲ.

ಹಾಗಾದರೆ ನೀರು ಕೊಡುತ್ತಿರುವವರು ಯಾರು?

ಡಾರ್ಸಿಯ ಕಣ್ಣು ಕಿಟಕಿ ಬಳಿಯ ಖಾಲಿ ಐಸ್ ಲೋಟದ ಮೇಲೆ ಬಿತ್ತು. ಪಕ್ಕದಲ್ಲೇ ಮೈರನ್‌ನ ಹೆಂಡತಿ ಓರಿಸ್ಯಾ.

"ಬಾಯಿಗೆ ಏನೂ ಹಾಕ್ಬೇಡಿ ಅಂದಿದ್ದೆ ಅಲ್ವಾ?"

"ಹಾಕಿಲ್ಲಪ್ಪ. ಅವ್ರು ಕೇಳಿದ್ರು, ಕೊಡಕ್ಕೆ ಭಯ ಆಯ್ತು. ಆಚೆ ಹೋಗಿ ನಾನೇ ತಿಂದೆ."

"ಎಲ್ರೂ ಹೇಳೋದು ಹೀಗೇ. ಇನ್ಮೇಲೆ ಹೊರಗೇ ಕೂತ್ಕೊಳ್ಳಿ."

ಓರಿಸ್ಯಾ ಎದ್ದಳು. ಅಷ್ಟರಲ್ಲಿ ಮಾತು ಕೇಳಿಸಿಕೊಂಡು ಒಳಬಂದ ಪೆನ್ನರ್ ಅವಳನ್ನು ತಡೆದು, ಬಗ್ಗಿ ಮೈರನ್‌ನ ಬಾಯಿ ನೋಡಿದಳು.

"ಡಾರ್ಸಿ, ಈ ತುಟಿ ನೋಡಿದ್ಯಾ?"

"ಒಡೆದಿದೆ."

"ನಾಲಿಗೆ?"

"ಒಣಗಿಹೋಗಿದೆ..."

"ಕದ್ದು ಐಸ್ ತಿಂದೋರ ಬಾಯಿ ಹೀಗಿರುತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀಯ. ನೀರು ಬಾಯಿಂದ ಹೋಗಿಲ್ಲ."

"ಮತ್ತೆಲ್ಲಿಂದ? ಡ್ರಿಪ್ ನಾನೇ ತೆಗೆದೆ."

"ಆ ಕಂಬದಲ್ಲಿ ನೇತಾಡ್ತಿರೋದೇನು?"

"ಔಷಧಿ."

"ಯಾತರಲ್ಲಿ ಕಲಸಿದ್ದು?"

ಡಾರ್ಸಿ ತಲೆಯೆತ್ತಿದ. ಆಂಟಿಬಯಾಟಿಕ್‌ನ ಚೀಲ, ಬಿಪಿಯ ಚೀಲ, ಹೊಟ್ಟೆಯುರಿಗೊಂದು, ಪೊಟ್ಯಾಸಿಯಮ್‌ಗೊಂದು. ಚಿಟಿಕೆಯಷ್ಟು ಔಷಧಿ, ಮಿಕ್ಕಿದ್ದೆಲ್ಲ ನೀರು. ಪ್ರತಿಯೊಂದೂ ಮುಗಿದ ಮೇಲೆ ಕೊಳವೆ ತೊಳೆಯಲು ಮತ್ತಷ್ಟು. ಡ್ರಿಪ್ ಅಂದರೆ ದೊಡ್ಡ ಚೀಲ, ಸಣ್ಣದೆಲ್ಲ ಔಷಧಿ — ಆ ಘಟಕದಲ್ಲಿ ಎಲ್ಲರ ಎಣಿಕೆಯೂ ಅದೇ.

"ಹನಿ ಹನಿ ಕೂಡಿದ್ರೆ ಹಳ್ಳ," ಅಂದಳು ಪೆನ್ನರ್. "ಮೊದಲು ಜೀವ ಉಳಿಸಿದ್ದೂ ಈ ನೀರೇ. ಆದ್ರೆ ನಂಜಿಗೆ ರಕ್ತನಾಳ ಸೋರುತ್ತೆ. ಹೆಚ್ಚಾದದ್ದು ಶ್ವಾಸಕೋಶಕ್ಕಿಳಿದು ಆಕ್ಸಿಜನ್ನಿಗೆ ಅಡ್ಡ ಕೂತಿದೆ. ಕಳ್ಳರು ನಾವೇ ಕಣೋ. ಬರೆದುಕೊಟ್ಟಿದ್ದು ನಾನು, ನೇತುಹಾಕಿದ್ದು ನೀನು."

ಔಷಧಿಗಳು ಕಡಿಮೆ ನೀರಲ್ಲಿ ಗಟ್ಟಿಯಾಗಿ ಕಲಸಿ ಬಂದವು. ಮೂತ್ರ ಹೋಗಿಸುವ ಚುಚ್ಚುಮದ್ದು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಆಕ್ಸಿಜನ್ ಕುಸಿಯುವುದು ನಿಂತಿತು, ಸಂಜೆಗೆ ಏರತೊಡಗಿತು. ಬೇಕಾದೀತೆಂದು ತಂದಿಟ್ಟಿದ್ದ ವೆಂಟಿಲೇಟರ್ ಬಂದ ದಾರಿಯಲ್ಲೇ ವಾಪಸು ಹೋಯಿತು.

ಡಾರ್ಸಿಗೆ ಓರಿಸ್ಯಾಳ ಮುಖ ನೋಡಲು ನಾಚಿಕೆ. ಮರುದಿನ ಪೆನ್ನರ್ ಒಪ್ಪಿಗೆ ಕೊಟ್ಟೊಡನೆ ಲೋಟದಲ್ಲಿ ಐಸ್ ತಂದು ಅವಳ ಕೈಗಿಟ್ಟ.

"ನೀವೇ ಕೊಡಿ. ನಿನ್ನೆ ತಪ್ಪು ನಂದು."

ಮೈರನ್ ಒಂದು ಚೂರನ್ನು ಕಣ್ಣುಮುಚ್ಚಿ ಚೀಪಿದ. ಆಮೇಲೆ ಹೆಂಡತಿಯತ್ತ ತಿರುಗಿ ಕ್ಷೀಣದನಿಯಲ್ಲಿ ಕೇಳಿದ:

"ನಿನ್ನೆ ಐಸೆಲ್ಲ ನೀನೇ ತಿಂದ್ಯಂತೆ?"