ಗಿರಾಕಿ ಎಂದವನು

"ಮೆಲ್ಲ ಒತ್ತು ಮಾರಾಯ್ತಿ, ಆ ಬಟನಿಗೆ ನನಗಿಂತ ಜಾಸ್ತಿ ಪ್ರಾಯ," ಎಂದ ತಿಲಕ್.

ಶೈಲಶ್ರೀ ಬೇಕೆಂದೇ ಇನ್ನಷ್ಟು ಜೋರಾಗಿ ಒತ್ತಿದಳು.

ಕರಾವಳಿಯ ಎರ್ಮಾಳಿನಲ್ಲಿದ್ದ ಅವನ ಮನೆಯ ಹೊರಕೋಣೆಯ ತುಂಬ ಹಳೆಯ ವಿಡಿಯೋ ಗೇಮುಗಳು, ಬಣ್ಣ ಮಾಸಿದ ಕ್ಯಾಸೆಟ್‌ಗಳು, ಡಬ್ಬದಂಥ ಟಿವಿ. ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದು, ಧೂಳು ಊದಿ, ರಿಪೇರಿ ಮಾಡಿ ಇಟ್ಟಿದ್ದ. ಒಂದೆರಡನ್ನು ಮಾರುವುದೂ ಇತ್ತು. ಅವಳು ಪರ್ಕಳದವಳು, ಗದಗದಿಂದ ಕಟ್ಟಡದ ಕೆಲಸಕ್ಕೆ ಬಂದ ಬಸಯ್ಯನ ಮಗಳು. ಅವಳಿಗೆ ಗೇಮ್ ಎಂದರೆ ಮೊಬೈಲಿನಲ್ಲಿ ನಾಲ್ವರ ತಂಡ, ಗುಂಡಿನ ಸದ್ದು, ಕಿವಿಯೊಳಗೆ ಗೆಳತಿಯರ ಕೂಗಾಟ.

"ನಿನ್ನ ಗೇಮಿನ್ಯಾಗ ಮಾತಾಡಾಕ ಒಬ್ರೂ ಇಲ್ಲಲ್ಲೋ."

"ಪಕ್ಕದಲ್ಲಿ ನೀನಿದ್ದೀಯಲ್ಲ."

ಅವಳ ಕಣ್ಣು ಪರದೆಯಿಂದ ಜಾರಿ ಅವನ ಮುಖದ ಮೇಲೆ ನಿಂತಿತು. ಅವನ ಕಿವಿ ಕೆಂಪಾಯಿತು.

ಆಗಲೇ ಬಾಗಿಲಲ್ಲಿ ನೆರಳು ಬಿತ್ತು. ಮೀನು ಮಾರಿ ಬಂದ ಅವನ ಅಮ್ಮ ನಳಿನಾಕ್ಷಿ.

"ಇದು ಯಾರು ಮಗಾ?"

"ಗಿರಾಕಿ ಅಮ್ಮ. ಗೇಮ್ ನೋಡ್ಲಿಕ್ಕೆ ಬಂದದ್ದು."

ಒಂದು ವರ್ಷದ ಪ್ರೀತಿ ಆ ಒಂದು ಮಾತಿಗೆ ತಣ್ಣಗಾಯಿತು. ಶೈಲಶ್ರೀ ಎದ್ದು ನಿಂತಳು. "ನನಗ ಯಾವುದೂ ಹಿಡಿಸಲಿಲ್ರೀ," ಎಂದು ಅವನ ಮುಖ ನೋಡದೆ ನಡೆದುಬಿಟ್ಟಳು.

ಆಮೇಲೆ ಅವನ ಫೋನು ಎತ್ತಲಿಲ್ಲ. ಮನೆಯಲ್ಲಿ ಅಪ್ಪ ಗದಗದ ಸಂಬಂಧವೊಂದರ ಮಾತು ತೆಗೆದ. ಬೇಡ ಎನ್ನಲು ಬಾಯಿ ಬರಲಿಲ್ಲ. ಗಿರಾಕಿಗೆ ಯಾರ ಮೇಲೆ ಹಕ್ಕು?

ಭಾನುವಾರ ಮಧ್ಯಾಹ್ನ ಮೊಬೈಲ್ ಗೇಮಿಗೆ ಕೂತಾಗ ಗೆಳತಿ ಮೆಲಿಷಾ ಹೊಸಬನೊಬ್ಬನನ್ನು ತಂಡಕ್ಕೆ ಸೇರಿಸಿಕೊಂಡಿದ್ದಳು. ಅವನಿಗೆ ಓಡಲೂ ಬಾರದು. ಗೋಡೆಗೆ ಮುಖ ಕೊಟ್ಟು ನಿಂತಿದ್ದ.

"ಶೈಲಾ, ನಾನು."

ಅವಳ ಬೆರಳು ನಿಂತವು. ತಿಲಕ್! ಇಂಥ ಗೇಮನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಿದ್ದವನು!

"ಇಲ್ಲಿ ಮಾತಾಡಿದ್ರ ಎಲ್ಲಾರಿಗೂ ಕೇಳಸ್ತದ," ಎಂದಳು.

"ಕೇಳಲಿ. ಅಮ್ಮನಿಗೆ ಹೇಳಿದೆ. ನೀನು ಗಿರಾಕಿ ಅಲ್ಲ, ಮದುವೆ ಆದ್ರೆ ನಿನ್ನನ್ನೇ ಅಂತ."

"ಏನಂದ್ರು?"

"ಎಂತದೂ ಇಲ್ಲ. ನನ್ನತ್ರ ಮಾತು ಬಿಟ್ಟಿದ್ದಾರೆ, ಸರಿ ಊಟವೂ ಮಾಡುದಿಲ್ಲ. ಹೆದರಿಕೆ ಉಂಟು ನನಗೆ. ಆದ್ರೆ ಆವತ್ತು ನೀನು ಎದ್ದು ಹೋದದ್ದು... ತಪ್ಪಾಯ್ತು ಶೈಲಾ."

ಅಷ್ಟರಲ್ಲಿ ಎಲ್ಲಿಂದಲೋ ಗುಂಡು ಬಂತು. ಪರದೆಯಲ್ಲಿ ಅವನು ಕುಸಿದು ತೆವಳತೊಡಗಿದ.

"ಅವನನ್ನು ಬಿಡೇ! ನಾವು ಗೆಲ್ಲುವುದರಲ್ಲಿದ್ದೇವೆ!" ಮೆಲಿಷಾ ಕಿರುಚಿದಳು.

"ಬಂದೆ, ಅಲ್ಲೇ ಇರು," ಎನ್ನುತ್ತ ಶೈಲಶ್ರೀ ಹಿಂದಕ್ಕೆ ಓಡಿದಳು. ಬಗ್ಗಿ ಅವನನ್ನು ಎತ್ತುವಷ್ಟರಲ್ಲಿ ಮತ್ತೆ ಗುಂಡಿನ ಮಳೆ. ಇಬ್ಬರೂ ಸತ್ತರು. ಮೆಲಿಷಾ ಬೈಯುತ್ತ ಹೊರಟುಹೋದಳು, ನಾಲ್ಕನೆಯವಳೂ ಹೋದಳು. ಕಿವಿಯಲ್ಲಿ ಉಳಿದದ್ದು ಅವನ ಉಸಿರು ಮಾತ್ರ.

"ಶೈಲಾ," ಒಳಗಿನಿಂದ ಅಪ್ಪ ಕರೆದ, "ಗದಗಿನವ್ರಿಗೆ ಏನಂತ ಹೇಳ್ಲಿ?"

ಮೈಕ್ ಆಫ್ ಮಾಡಲು ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಅಂತ ಹೇಳಪ್ಪಾ," ಎಂದಳು. "ನನ್ನ ಮನಸಿನ್ಯಾಗ ಒಬ್ಬಾಂವ ಅದಾನ. ಎರ್ಮಾಳದಾಂವ. ಸ್ವಲ್ಪ ಕುಂದ್ರು, ಎಲ್ಲಾ ಹೇಳ್ತೀನಿ."